ನೀರಿದ್ದೂ ‘ನೀರಿಲ್ಲ’ ಎನ್ನುವ ಸ್ಟೀಮ್ ಓವನ್: ಬೆಂಗಳೂರಿನ ಅಡುಗೆಮನೆಗಳ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಹೋಟೆಲು, ಆಸ್ಪತ್ರೆ, ಕಂಪನಿ ಕ್ಯಾಂಟೀನುಗಳಲ್ಲಿರುವ, ಹಬೆ ಮತ್ತು ಬಿಸಿಗಾಳಿ ಎರಡರಿಂದಲೂ ಬೇಯಿಸುವ ಕಾಂಬಿ ಓವನ್ನಿನ ಪರದೆಯ ಮೇಲೆ ‘ನೀರಿಲ್ಲ’ ಎಂಬ ಸೂಚನೆ ಬಂದರೆ ಮೊದಲು ಕರೆ ಹೋಗುವುದು ಪ್ಲಂಬರಿಗೆ. ಅವರು ಬಂದು ಪೈಪು ಬಿಚ್ಚಿದರೆ ನೀರು ಧಾರಾಳವಾಗಿ ಸುರಿಯುತ್ತದೆ. ಆಮೇಲೆ ಓವನ್ ಮೆಕ್ಯಾನಿಕ್ ಬರುತ್ತಾರೆ, ಒಂದು ವಾಲ್ವ್ ಬದಲಾಗುತ್ತದೆ, ಕೆಲವು ದಿನಗಳಲ್ಲಿ ಅದೇ ಸೂಚನೆ ಮತ್ತೆ ಮೂಡುತ್ತದೆ. ಓವನ್ ನೀರನ್ನು ನೇರವಾಗಿ ಅಳೆದು ಈ ಮಾತು ಹೇಳುವುದಿಲ್ಲ. ಒಂದು ಸಣ್ಣ ಲೋಹದ ಕಡ್ಡಿಯಿಂದ ಉತ್ತರ ಬಾರದಿದ್ದಾಗ ಹಾಗೆಂದು ಊಹಿಸುತ್ತದೆ. ದೋಷ ಹುಡುಕುವವರು ಆ ಊಹೆ ಎಲ್ಲಿ ತಪ್ಪುತ್ತದೆ ಎಂಬುದನ್ನು ನೋಡಬೇಕು, ಮತ್ತು ಅದಕ್ಕೆ ಪೈಪಿನಷ್ಟೇ ನೀರಿನ ಗುಣವೂ ತಿಳಿದಿರಬೇಕು ಎಂಬುದು ನನ್ನ ವಾದ.

ಹಬೆಗಾಗಿ ನೀರು ಕುದಿಸುವ ಬಾಯ್ಲರ್ ಇರುವ ಓವನ್ನುಗಳಿಗೆ ಮಾತ್ರ ಈ ಚರ್ಚೆ ಅನ್ವಯಿಸುತ್ತದೆ. ನೀರು ಬಾಲ್ ವಾಲ್ವ್ ದಾಟಿ, ಜಾಲರಿಯಲ್ಲಿ ಸೋಸಿ, ಸೊಲೆನಾಯ್ಡ್ ವಾಲ್ವ್ ಮೂಲಕ ಬಾಯ್ಲರ್ ಸೇರುತ್ತದೆ. ಮೇಲಿನಿಂದ ಇಳಿಬಿಟ್ಟ ಆ ಲೋಹದ ಕಡ್ಡಿಗೆ, ಅಂದರೆ ಎಲೆಕ್ಟ್ರೋಡಿಗೆ, ನೀರು ತಾಗಿದ ಕೂಡಲೇ ಅದರಿಂದ ಬಾಯ್ಲರಿನ ಗೋಡೆಗೆ ಅತ್ಯಲ್ಪ ವಿದ್ಯುತ್ ಹರಿದು, ವಾಲ್ವ್ ಮುಚ್ಚುತ್ತದೆ. ಗೊತ್ತುಪಡಿಸಿದ ಅವಧಿಯಲ್ಲಿ ವಿದ್ಯುತ್ ಹರಿಯದಿದ್ದರೆ ಓವನ್ ‘ನೀರಿಲ್ಲ’ ಎಂದು ತೀರ್ಮಾನಿಸುತ್ತದೆ.

ನಿಜವಾಗಿಯೂ ನೀರು ಸಾಲದ ಸಂದರ್ಭಗಳೂ ಉಂಟು. ಅವುಗಳಲ್ಲಿ ಹೆಚ್ಚು ಮೋಸಮಾಡುವುದು ಒತ್ತಡ. ತಾರಸಿಯ ಟ್ಯಾಂಕು ನೆತ್ತಿಯ ಮೇಲೇ ಇದೆ, ನೀರಿಗೇನು ಕೊರತೆ ಎಂದು ಮೇಲಂತಸ್ತಿನ ಅಡುಗೆಮನೆಯವರಿಗೆ ಅನಿಸುತ್ತದೆ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಟ್ಯಾಂಕು 4 ಮೀಟರ್ ಮೇಲಿದ್ದರೆ ಸಿಗುವುದು ಸುಮಾರು 0.4 ಬಾರ್ ಮಾತ್ರ, ಅನೇಕ ಓವನ್ನುಗಳು ಕೇಳುವುದು 1.5 ಬಾರಿಗೂ ಹೆಚ್ಚು. ಪಂಪ್ ಹಾಕಿದಲ್ಲೂ ನಲ್ಲಿಗಳೆಲ್ಲ ಮುಚ್ಚಿರುವಾಗ ಒತ್ತಡದ ಮೀಟರ್ ತೋರಿಸುವ ಅಂಕಿಯನ್ನು ನಂಬಬಾರದು. ಮಧ್ಯಾಹ್ನ ಪಾತ್ರೆ ತೊಳೆಯುವ ಯಂತ್ರ ಓಡುತ್ತಿರುವಾಗಲೇ ಓವನ್ನಿನ ಪೈಪನ್ನು ಬಕೆಟ್ಟಿಗೆ ಬಿಟ್ಟು, ನಿಮಿಷಕ್ಕೆ ಎಷ್ಟು ಲೀಟರ್ ಬಂತೆಂದು ಅಳೆದು, ತಯಾರಕರು ಕೊಟ್ಟ ಅಂಕಿಯೊಂದಿಗೆ ಹೋಲಿಸಬೇಕು. ಹರಿವು ಯಾವಾಗಲೂ ಸಣ್ಣದಾಗಿದ್ದರೆ ಜಾಲರಿಯಲ್ಲಿ ಮರಳು ಕೂತಿರುವ ಸಂಭವ ಹೆಚ್ಚು.

ಇನ್ನು ನೀರಿನ ಗುಣ. ಬೆಂಗಳೂರಿನ ಒಂದೇ ಸಂಪಿಗೆ ಮೂರು ಬಗೆಯ ನೀರು ಬೀಳುವುದುಂಟು: ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಾಗಿ ಬರುವ ಕಾವೇರಿ, ಕಟ್ಟಡದ ಬೋರ್‌ವೆಲ್, ಟ್ಯಾಂಕರ್. ಕಾವೇರಿ ನೀರಿಗೆ ಹೋಲಿಸಿದರೆ ಬೋರ್‌ವೆಲ್ ನೀರು ಸಾಮಾನ್ಯವಾಗಿ ಬಹಳ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕುಡಿಯುವವರಿಗೆ ಒಪ್ಪಿತವಾದ ಈ ನೀರು ಬಾಯ್ಲರಿಗೆ ಏನು ಮಾಡುತ್ತದೆಂದು ಲೆಕ್ಕ ಹಾಕಬಹುದು. 15 ಕಿಲೋವ್ಯಾಟ್ ಹೀಟರ್ ಪೂರ್ಣವಾಗಿ ಉರಿದರೆ ಗಂಟೆಗೆ ಸುಮಾರು 24 ಲೀಟರ್ ಕುದಿನೀರನ್ನು ಹಬೆಯಾಗಿಸಬಲ್ಲದು. ದಿನಕ್ಕೆ 160 ಲೀಟರ್ ಹಬೆಯಾಯಿತೆನ್ನಿ, ಗಡಸುತನ 400 ಮಿಲಿಗ್ರಾಂ ಎನ್ನಿ. ಹಬೆ ಮಾತ್ರ ಹೊರಹೋಗಿ ದಿನಕ್ಕೆ 64 ಗ್ರಾಂ ಗಡಸು ಲವಣ ಒಳಗೇ ಉಳಿಯುತ್ತದೆ, 25 ದಿನಕ್ಕೆ 1.6 ಕಿಲೋ. ಎಲ್ಲವೂ ಪದರವಾಗಿ ಕಟ್ಟುವುದಿಲ್ಲ, ಸ್ವಲ್ಪ ತ್ಯಾಜ್ಯ ನೀರಿನೊಂದಿಗೆ ಹೋಗುತ್ತದೆ. ಆದರೂ ಅಂಕಿ ಸಣ್ಣದಲ್ಲ.

ಈ ಸುಣ್ಣದ ಪದರ ಎಲೆಕ್ಟ್ರೋಡಿನ ತುದಿಗೆ ಮೆತ್ತಿಕೊಂಡರೆ ವಿದ್ಯುತ್ ಹರಿಯುವುದಿಲ್ಲ; ತುಂಬಿದ ಬಾಯ್ಲರ್ ಖಾಲಿಯಂತೆ ಕಾಣುತ್ತದೆ. ಎಲೆಕ್ಟ್ರೋಡಿನ ಬುಡದಲ್ಲಿ ಒದ್ದೆ ಪದರ ಬೆಳೆದು ಗೋಡೆಯನ್ನು ಮುಟ್ಟಿದರೆ ಇದಕ್ಕೆ ತದ್ವಿರುದ್ಧ: ಖಾಲಿಯಾಗುತ್ತಿರುವ ಬಾಯ್ಲರ್ ತುಂಬಿದಂತೆ ತೋರುತ್ತದೆ, ಹೀಟರ್ ಒಣಗಿದಲ್ಲೇ ಕಾದು ಸುಟ್ಟುಹೋಗಬಹುದು. ಮೊದಲನೆಯದರಲ್ಲಿ ಕೆಲಸ ನಿಲ್ಲುತ್ತದೆ, ಎರಡನೆಯದು ಸದ್ದಿಲ್ಲದೆ ಯಂತ್ರವನ್ನೇ ತಿನ್ನುತ್ತದೆ. ಹೀಟರ್ ಸುಟ್ಟಾಗ ಹೀಟರನ್ನಷ್ಟೇ ಬದಲಿಸಿ ಎಲೆಕ್ಟ್ರೋಡ್ ಬಿಚ್ಚಿ ನೋಡದಿದ್ದರೆ ರಿಪೇರಿ ಅರ್ಧಕ್ಕೇ ನಿಂತಂತೆ.

ಸುಣ್ಣಕ್ಕೆ ಹೆದರಿ ಆರ್‌ಒ ಘಟಕ ಹಾಕಿಸಿದವರು ಇನ್ನೊಂದು ತೊಡಕಿಗೆ ಸಿಕ್ಕಿಬೀಳುತ್ತಾರೆ. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ಇಲ್ಲಿ ತಪ್ಪಿತಸ್ಥನ ಸ್ಥಾನದಲ್ಲಿರುವುದು ಒಳ್ಳೆಯ ನೀರು. ನೀರಿನಲ್ಲಿ ವಿದ್ಯುತ್ ಹರಿಸುವುದು ಅದರಲ್ಲಿ ಕರಗಿದ ಲವಣಗಳು. ಆರ್‌ಒ ಅವನ್ನು ತೀರಾ ತೆಗೆದುಹಾಕಿದರೆ ಎಲೆಕ್ಟ್ರೋಡ್ ನೀರಿನಲ್ಲಿ ಮುಳುಗಿದ್ದರೂ ಸಂಕೇತ ಕೊಡುವುದಿಲ್ಲ. ಹೀಗಾಗಿ ಕೆಲವು ತಯಾರಕರು ನೀರಿನ ವಾಹಕತೆಗೆ ಮೇಲಿನ ಮಿತಿಯ ಜೊತೆಗೆ ಕೆಳಗಿನ ಮಿತಿಯನ್ನೂ ನಿಗದಿಮಾಡುತ್ತಾರೆ. ಪರೀಕ್ಷೆ ಸುಲಭ. ಬಾಯ್ಲರ್ ಖಾಲಿಮಾಡಿ, ಒಂದು ಸಲ ಮಾತ್ರ ಆರ್‌ಒ ಬಿಟ್ಟು ನಲ್ಲಿ ನೀರನ್ನು ತುಂಬಿಸಬೇಕು. ಸೂಚನೆ ಹೋದರೆ ಎರಡು ಅನುಮಾನ ಉಳಿಯುತ್ತವೆ: ನೀರು ಅತಿ ಶುದ್ಧವಾಗಿತ್ತು, ಇಲ್ಲವೇ ಸಣ್ಣ ಆರ್‌ಒ ಘಟಕಕ್ಕೆ ಓವನ್ ಕೇಳುವ ವೇಗದಲ್ಲಿ ನೀರು ಕೊಡಲಾಗಲಿಲ್ಲ. ಮೊದಲನೆಯದಕ್ಕೆ ಬೈಪಾಸ್ ವಾಲ್ವ್ ತಿರುಗಿಸಿ ಸ್ವಲ್ಪ ಕಚ್ಚಾ ನೀರು ಬೆರೆಸಬೇಕು, ಎರಡನೆಯದಕ್ಕೆ ಶೇಖರಣಾ ಟ್ಯಾಂಕು ಮತ್ತು ಪಂಪ್ ಬೇಕು. ಆರ್‌ಒ ಬದಲು ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿದರೆ ಅತಿ ಶುದ್ಧ ನೀರಿನ ಈ ತೊಂದರೆಯಿಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಸೋಡಿಯಂ ತರುತ್ತದೆ, ವಾಹಕತೆ ಉಳಿಯುತ್ತದೆ. ಆದರೆ ಕ್ಲೋರೈಡೂ ಹಾಗೆಯೇ ಉಳಿಯುತ್ತದೆ. ಅದು ಹೆಚ್ಚಿದ್ದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿ ಚುಚ್ಚಿದಂಥ ತೂತುಗಳು ಬೀಳುತ್ತವೆ.

ನೀರು ನಿಲ್ಲದೆ ತುಂಬುತ್ತಿದ್ದರೆ ಓವನ್ನಿನ ವಿದ್ಯುತ್ ತೆಗೆದು ನೋಡಬೇಕು. ಆಗಲೂ ಹರಿದರೆ ಸೊಲೆನಾಯ್ಡಿನ ಬಾಯಲ್ಲಿ ಕಸ ಸಿಕ್ಕಿದೆ ಅಥವಾ ಡಯಾಫ್ರಾಮ್ ಹಾಳಾಗಿದೆ. ನಿಂತರೆ ವಾಲ್ವ್ ಸರಿಯಿದೆ, ಎಲೆಕ್ಟ್ರೋಡ್ ಅಥವಾ ಬೋರ್ಡಿನ ಕಡೆ ನೋಡಬೇಕು. ಒಳಭಾಗ ಬಿಚ್ಚುವ ಕೆಲಸವನ್ನು ಓವನ್ ತಣಿದ ಮೇಲೆ, ಬಲ್ಲವರೇ ಮಾಡಬೇಕು.

ಓವನ್ ಕೂರಿಸುವ ದಿನ ಮೆಕ್ಯಾನಿಕ್ ನೀರಿನ ಗಡಸುತನವನ್ನು ಅದರಲ್ಲಿ ದಾಖಲಿಸುತ್ತಾರೆ. ಸುಣ್ಣ ತೆಗೆಯುವ ಸಮಯವನ್ನು ಅನೇಕ ಓವನ್ನುಗಳು ಇದರಿಂದಲೇ ಲೆಕ್ಕಹಾಕುತ್ತವೆ. ಹಲವು ಮಾದರಿಗಳು ಕೇಳುವುದು ಜರ್ಮನ್ ಡಿಗ್ರಿಯಲ್ಲಿ. ನೀರಿನ ವರದಿಯ 17.8 ಮಿಲಿಗ್ರಾಂ ಅಲ್ಲಿ ಒಂದು ಡಿಗ್ರಿ, ಅಂದರೆ 400 ಇದ್ದದ್ದು ಸುಮಾರು 22. ಕಾವೇರಿ ನೀರು ಬರುತ್ತಿದ್ದಾಗ ದಾಖಲಾದ ಅಂಕಿ 2024ರ ಬೇಸಿಗೆಯಂತೆ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಬರತೊಡಗಿದ ಮೇಲೆ ಸುಳ್ಳಾಗುತ್ತದೆ. ಟ್ಯಾಂಕರ್ ಬಂದ ದಿನವೇ ಪರೀಕ್ಷಾ ಪಟ್ಟಿ ಅದ್ದಿ, ಅಂಕಿಯನ್ನು ಓವನ್ ಪಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ‘ನೀರಿಲ್ಲ’ ಎಂದು ಕಂಡಾಗ ಮೆಕ್ಯಾನಿಕ್ ಮೊದಲು ಆ ಪುಟ ತೆರೆಯಬಹುದು.