ರಣೋತ್ಸಾಹದ ಸಾಧನಗಳು: ವೀರಗಲ್ಲಿನಿಂದ ವಿದ್ಯುತ್ ಪ್ರಚೋದನೆಯವರೆಗೆ

ಯುದ್ಧವು ಆಯುಧಬಲವೊಂದರಿಂದಲೇ ನಡೆಯುವಂಥದಲ್ಲ. ಯೋಧನ ಭಯವನ್ನು ಅಡಗಿಸಿ, ಅವನ ಗಮನವನ್ನು ಹರಿತಗೊಳಿಸುವ ಉಪಾಯಗಳನ್ನು ಸೈನ್ಯಗಳು ಹಿಂದಿನಿಂದಲೂ ಅರಸುತ್ತ ಬಂದಿವೆ. ಈಚಿನ ದಶಕಗಳಲ್ಲಿ ಈ ಅರಸುವಿಕೆ ಯೋಧನ ಮಿದುಳಿಗೆ ವಿದ್ಯುತ್ ಹಾಯಿಸುವ ಪ್ರಯೋಗಗಳವರೆಗೆ ಬಂದಿದೆ. ಜಾನಪದದ ಹಿನ್ನೆಲೆಯಲ್ಲಿ ಪರಿಶೀಲಿಸಿದಾಗ ಪ್ರಚೋದನೆಯ ಸಾಧನಕ್ಕಿಂತ, ಅದನ್ನು ಕಟ್ಟಿನಲ್ಲಿಡುವ ವ್ರತ ಹಾಗೂ ಹೊಣೆಯ ಪ್ರಶ್ನೆಯೇ ಮುಖ್ಯವಾಗುತ್ತದೆ.

ಉತ್ತರ ಕನ್ನಡ ಜಿಲ್ಲೆ ಮುಂಡಗೋಡ ತಾಲ್ಲೂಕಿನ ಸನವಳ್ಳಿಯ ಪರಿಸರ ಈ ಅಧ್ಯಯನಕ್ಕೆ ಅನುಕೂಲವಾದುದು. ದಕ್ಷಿಣಕ್ಕೆ ಕದಂಬರ ಬನವಾಸಿ, ಆಗ್ನೇಯಕ್ಕೆ ಹಾನಗಲ್ಲು. ಇದೇ ತಾಲ್ಲೂಕಿನಲ್ಲಿ 1960ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ವಸತಿ. ವೀರಯುಗದ ನೆನಪು ಮತ್ತು ಧ್ಯಾನಪರಂಪರೆ ಇಲ್ಲಿ ನೆರೆಹೊರೆಯಾಗಿವೆ.

ಹೊಯ್ಸಳ ಇಮ್ಮಡಿ ವೀರಬಲ್ಲಾಳನು 1196ರಲ್ಲಿ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬರ ದಂಡನಾಯಕ ಸೋಹಣಿ ಹೋರಾಡಿ ಮಡಿದುದನ್ನು ಅಲ್ಲಿಯ ವೀರಗಲ್ಲು ತಿಳಿಸುತ್ತದೆ. ಅಂದಿನ ಯೋಧನನ್ನು ಭೇರಿ, ಕಹಳೆಗಳ ನಾದವಷ್ಟೇ ಹುರಿದುಂಬಿಸುತ್ತಿರಲಿಲ್ಲ. ಉಂಡ ಅನ್ನದ ಋಣ ತೀರಿಸುವ ಜೋಳವಾಳಿ, ಒಡೆಯನಿಗಾಗಿ ಪ್ರಾಣ ಕೊಡುವ ವೇಳೆವಾಳಿ, ಲೆಂಕವಾಳಿಗಳು ಅವನ ಮನಸ್ಸನ್ನು ಮೊದಲೇ ಸಿದ್ಧಗೊಳಿಸಿದ್ದವು. ಈ ಕಟ್ಟುಪಾಡು ಕ್ರೂರವೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ಆದರೆ ಅದು ಏಕಮುಖವಾಗಿರಲಿಲ್ಲ. ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆಯಾಗಿ ಭೂಮಿ ಕೊಡುವ ಪದ್ಧತಿಯು ಸಮಾಜವೂ ಋಣಿಯೆಂಬುದನ್ನು ಒಪ್ಪಿಕೊಂಡಿತ್ತು.

ನಾದ ಮತ್ತು ನುಡಿಗಳು ದೇಹದ ನೋವನ್ನು ಮೀರಿಸುವ ಬಗೆಯನ್ನು ಉತ್ತರ ಕರ್ನಾಟಕದ ಪುರವಂತಿಕೆಯಲ್ಲಿ ಇಂದಿಗೂ ಕಾಣಬಹುದು. ವೀರಭದ್ರನ ಒಡಪುಗಳು ಏರುದನಿಯಲ್ಲಿ ಮೊಳಗುತ್ತ, ಕರಡೆ, ಸಂಬಾಳಗಳ ಗತಿ ತೀವ್ರವಾದಂತೆ ಪುರವಂತರು ಕೆನ್ನೆ, ನಾಲಗೆಗಳಿಗೆ ಶಸ್ತ್ರ ಹಾಕಿಸಿಕೊಳ್ಳುತ್ತಾರೆ. ಇಲ್ಲಿಯೂ ವ್ರತನಿಯಮಗಳಿವೆ, ಸುತ್ತ ಊರಿನ ಜನರಿದ್ದಾರೆ, ಶಸ್ತ್ರ ತೆಗೆದ ಮೇಲೆ ವಿಭೂತಿ ಹಚ್ಚುವ ಕೈಗಳಿವೆ. ಆವೇಶವನ್ನು ಏರಿಸಬಲ್ಲವರಿಗೆ ಇಳಿಸುವ ವಿಧಾನವೂ ಗೊತ್ತಿದೆ.

ಆಧುನಿಕ ವಿಧಾನದಲ್ಲಿ ನೆತ್ತಿಯ ಮೇಲಿಟ್ಟ ವಿದ್ಯುದ್ವಾರಗಳ ಮೂಲಕ ಸಾಮಾನ್ಯವಾಗಿ 1ರಿಂದ 2 ಮಿಲಿಆಂಪಿಯರ್ ನೇರ ವಿದ್ಯುತ್ತನ್ನು ಹಾಯಿಸಲಾಗುತ್ತದೆ. ಅದರಿಂದ ನರಕೋಶಗಳು ಉದ್ರೇಕಗೊಳ್ಳುವ ಪ್ರವೃತ್ತಿ ಹೆಚ್ಚುತ್ತದೆ ಅಥವಾ ತಗ್ಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೇಳಿಸುವ ಇಲ್ಲದ ದನಿಗಳನ್ನು ಶಮನಗೊಳಿಸಲು ಇದೇ ವಿಧಾನವನ್ನು ಬಳಸಲಾಗಿದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನೆರವಿನಿಂದ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ವಿದ್ಯುತ್ ಪಡೆದ ಸ್ವಯಂಸೇವಕರು ಚಿತ್ರಗಳಲ್ಲಿ ಅಡಗಿದ ಅಪಾಯಗಳನ್ನು ಗುರುತಿಸಲು ಬೇಗ ಕಲಿತರು. ಆದರೆ ಈ ವಿಧಾನದ ಕುರಿತ ಅಧ್ಯಯನಗಳ ಫಲಿತಾಂಶಗಳು ಎಲ್ಲೆಡೆ ಒಂದೇ ರೀತಿಯಲ್ಲಿಲ್ಲ.

ಧ್ಯಾನವೂ ಇದೇ ಹಾದಿಯಲ್ಲಿ ಸಾಗಿದೆ. ಬೌದ್ಧ ಮೂಲದ ಮನೋನಿಗ್ರಹದ ಅಭ್ಯಾಸವನ್ನು ಯುದ್ಧಕ್ಕೆ ಹೊರಡಲಿದ್ದ ಅಮೆರಿಕದ ಮರೀನ್ ಯೋಧರಿಗೆ ಕಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹೆಚ್ಚು ಅಭ್ಯಾಸ ಮಾಡಿದವರ ಕಾರ್ಯಸ್ಮೃತಿ ಒತ್ತಡದಲ್ಲಿಯೂ ಕುಂದಲಿಲ್ಲ. 2013ರ ಜನವರಿಯಲ್ಲಿ ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ದಲಾಯಿ ಲಾಮಾ ಅವರೊಡನೆ ವಿಜ್ಞಾನಿಗಳು ಮನಸ್ಸು ಮತ್ತು ಮಿದುಳನ್ನು ಕುರಿತು ಸಂವಾದ ನಡೆಸಿದರು. ಮಠದಲ್ಲಿ ಧ್ಯಾನವು ಅಹಿಂಸಾಶೀಲದೊಂದಿಗೆ ಬೆಸೆದುಕೊಂಡಿದೆ. ಸೇನಾ ತರಬೇತಿಯಲ್ಲಿ ಅಭ್ಯಾಸ ಉಳಿದು ಶೀಲ ಕಳಚಿಕೊಳ್ಳುತ್ತದೆ.

ರೋಗಿಯು ಚಿಕಿತ್ಸೆಯನ್ನು ಬೇಡವೆನ್ನಬಹುದು. ಆಜ್ಞೆಗೆ ಒಳಪಟ್ಟ ಸೈನಿಕನು ಮಿದುಳಿನ ಪ್ರಚೋದನೆಯನ್ನು ಅಷ್ಟೇ ಸುಲಭವಾಗಿ ನಿರಾಕರಿಸಬಲ್ಲನೇ? ಯುದ್ಧ ಮುಗಿದ ನಂತರ ಕದಡಿದ ಮನಸ್ಸಿನ ಹೊಣೆ ಯಾರದು? ವೀರಗಲ್ಲುಗಳ ಕಾಲವು ಯೋಧನ ಪ್ರಾಣವನ್ನು ಪಡೆಯಿತು, ಆದರೆ ಪಡೆದುದನ್ನು ಕಲ್ಲಿನಲ್ಲಿ ಬರೆದು ಋಣವೆಂದು ಒಪ್ಪಿಕೊಂಡಿತು. ಹೊಸ ತಂತ್ರಜ್ಞಾನಕ್ಕೆ ತಕ್ಕ ನೆತ್ತರುಗೊಡಗೆ ಯಾವುದೆಂಬುದನ್ನು ಅದನ್ನು ಬಳಸುವ ಮುನ್ನವೇ ನಿರ್ಧರಿಸಬೇಕಾಗಿದೆ.