ಹಾಲೂಡಿಸುವ ಅಂಜಿಕೆ: ಅವಧಿಪೂರ್ವ ಶಿಶುಗಳ ಕರುಳುರಿಯೂತದ ಚರಿತ್ರೆ (1953–2019)

ದಿನ ತುಂಬದೆ ಹುಟ್ಟಿದ ಮಗು ಉಸಿರಾಟದ ಗಂಡಾಂತರ ದಾಟಿ ಹಾಲು ಅರಗಿಸಿಕೊಳ್ಳತೊಡಗಿರುತ್ತದೆ. ಎರಡು-ಮೂರು ವಾರಕ್ಕೆ ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬುತ್ತದೆ, ವಾಂತಿ ಹಸಿರಾಗುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ. ಕರುಳಿನ ಒಳಪದರ ಉರಿಯೂತದಿಂದ ಕೊಳೆತು, ಕೆಲವೊಮ್ಮೆ ಕರುಳೇ ತೂತುಬೀಳುವ ಈ ಕಾಯಿಲೆಯ ಹೆಸರು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್. ಇದಕ್ಕೆ ತುತ್ತಾಗುವ ಶಿಶುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಅವಧಿಪೂರ್ವ ಶಿಶುಗಳೇ. ಅಪಾಯ ಇರುವುದು ಹಾಲೂಡಿಸುವುದರಲ್ಲೋ, ಯಾವ ಹಾಲು ಎಂಬುದರಲ್ಲೋ? ಎರಡನೆಯದರತ್ತ ಬೊಟ್ಟುಮಾಡುವ ಆಧಾರ ಬೇಗನೆ ಸಿಕ್ಕಿದ್ದರೂ ಚಿಕಿತ್ಸಾಕ್ರಮ ಬಹುಕಾಲ ಮೊದಲನೆಯದರ ಭಯದಲ್ಲೇ ನಡೆಯಿತು ಎಂಬುದು ಈ ಲೇಖನದ ವಾದ.

ಷ್ಮಿಡ್ ಮತ್ತು ಕ್ವೈಸರ್ 1953ರಲ್ಲಿ ಆಸ್ಟ್ರಿಯದ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಈ ರೋಗವನ್ನು ವಿವರಿಸಿದರು. 1964ರಲ್ಲಿ ನ್ಯೂಯಾರ್ಕಿನ ಬರ್ಡನ್ ಮತ್ತು ಸಂಗಡಿಗರು 21 ಶಿಶುಗಳ ಎಕ್ಸ್-ರೇ ಲಕ್ಷಣಗಳನ್ನು ದಾಖಲಿಸಿದರು. ಕರುಳಿನ ಗೋಡೆಯೊಳಗೆ ಸೇರಿಕೊಂಡ ಗಾಳಿಗುಳ್ಳೆಗಳು ರೋಗದ ಗುರುತಾದವು. ಮುಂದೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಹರಡಿ, ಹಿಂದೆ ಉಳಿಯದಿದ್ದ ಪುಟ್ಟ ಶಿಶುಗಳು ಬದುಕತೊಡಗಿದಂತೆ ಈ ರೋಗವೂ ಹೆಚ್ಚಾಗಿ ಕಾಣಿಸಿಕೊಂಡಿತು.

1975ರಲ್ಲಿ ಸಾಂಟುಲಿ ತಂಡ 64 ಪ್ರಕರಣಗಳನ್ನು ಪರಿಶೀಲಿಸಿ ಮೂರು ಅಂಶಗಳನ್ನು ಗುರುತಿಸಿತು: ಕರುಳಿನ ಒಳಪದರಕ್ಕೆ ಆದ ಗಾಯ, ಬ್ಯಾಕ್ಟೀರಿಯಾ, ಕರುಳಿಗೆ ಬಂದ ಆಹಾರ. ಮೂರರಲ್ಲಿ ವೈದ್ಯರ ಹಿಡಿತಕ್ಕೆ ಸುಲಭವಾಗಿ ಸಿಕ್ಕಿದ್ದು ಆಹಾರ. 1978ರಲ್ಲಿ ಬ್ರೌನ್ ಮತ್ತು ಸ್ವೀಟ್ ಎಚ್ಚರಿಕೆಯಿಂದ ನಿಧಾನವಾಗಿ ಹಾಲೂಡಿಸುವ ಕ್ರಮವನ್ನು ಮುಂದಿಟ್ಟರು. ಹಾಲನ್ನು ತಡಮಾಡಿ ರಕ್ತನಾಳದ ಮೂಲಕ ಪೋಷಣೆ ಕೊಡುವ ಪದ್ಧತಿಯೂ ಬೇರೂರಿತು. ಆದರೆ ಸಾಂಟುಲಿಯವರೂ ಇದ್ದ ಬಾರ್ಲೋ ತಂಡ 1974ರಲ್ಲೇ ಇಲಿಮರಿಗಳ ಮೇಲೆ ಪ್ರಯೋಗ ಮಾಡಿತ್ತು. ಆಮ್ಲಜನಕದ ಕೊರತೆಗೆ ಒಡ್ಡಿದ ಮರಿಗಳಲ್ಲಿ ಕೃತಕ ಹಾಲು ಕುಡಿದವು ರೋಗಕ್ಕೆ ಬಿದ್ದವು, ತಾಯಹಾಲು ಕುಡಿದವು ಪಾರಾದವು. 1975ರ ಮೂರು ಅಂಶಗಳ ಪಟ್ಟಿಯಲ್ಲಿನ 'ಆಹಾರ' ಎಂಬ ಪದದಡಿ ಈ ವ್ಯತ್ಯಾಸ ಮರೆಯಾಯಿತು.

ಅದನ್ನು ಮತ್ತೆ ಮುನ್ನೆಲೆಗೆ ತಂದದ್ದು ಬ್ರಿಟನ್ನಿನ ಲೂಕಸ್ ಮತ್ತು ಕೋಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನ. 926 ಅವಧಿಪೂರ್ವ ಶಿಶುಗಳಲ್ಲಿ 51ಕ್ಕೆ ರೋಗ ಬಂದಿತ್ತು. ಎದೆಹಾಲನ್ನಷ್ಟೇ ಪಡೆದವರಿಗಿಂತ ಕೃತಕ ಹಾಲನ್ನಷ್ಟೇ ಪಡೆದವರಲ್ಲಿ ಖಚಿತಪಟ್ಟ ರೋಗ 6ರಿಂದ 10 ಪಟ್ಟು ಹೆಚ್ಚಿತ್ತು. ಹಾಲೂಡಿಕೆ ತಡಮಾಡಿದ ಕಡೆ ರೋಗ ಕಡಿಮೆ ಕಂಡದ್ದು ಕೃತಕ ಹಾಲಿನ ಶಿಶುಗಳಲ್ಲಿ ಮಾತ್ರ. ಎದೆಹಾಲಿನ ಶಿಶುಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಪಾಶ್ಚರೀಕರಿಸಿದ ದಾನದ ಹಾಲೂ ರಕ್ಷಣೆ ಕೊಡುವಂತೆ ತೋರಿತು. ಇದಕ್ಕೆ ಒಂದು ವರ್ಷ ಮೊದಲೇ, 1989ರಲ್ಲಿ, ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎದೆಹಾಲಿನ ಬ್ಯಾಂಕ್ ತೆರೆದಿದ್ದರು.

ಹಾಲು ಏರಿಸುವ ವೇಗದ ಭಯವನ್ನು ನೇರವಾಗಿ ಪರೀಕ್ಷಿಸಿದ ಬ್ರಿಟನ್–ಐರ್ಲೆಂಡಿನ 2,804 ಶಿಶುಗಳ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಂದಿತು. ಕಿಲೋ ತೂಕಕ್ಕೆ ದಿನಕ್ಕೆ 30 ಮಿ.ಲೀ. ಏರಿಸಿದವರಲ್ಲಿ ಶೇ. 5.0, 18 ಮಿ.ಲೀ. ಏರಿಸಿದವರಲ್ಲಿ ಶೇ. 5.6 ಮಂದಿಗೆ ರೋಗ ಬಂದಿತು, ನಿಧಾನಿಸಿದ್ದರಿಂದ ಲಾಭವಾಗಲಿಲ್ಲ. ಎದೆಹಾಲು ಕುಡಿದ ಶಿಶುವಿಗೂ ಈ ರೋಗ ಬರಬಹುದು, ಹಾಗಾಗಿ ಹಾಲೊಂದೇ ಪೂರ್ಣ ಉತ್ತರವಲ್ಲ. ಆದರೂ ದಿನ ತುಂಬದ ಮಗುವಿನ ಹಾಲು ತಡೆಹಿಡಿಯುವ ಮುನ್ನ ತಾಯಿಯ ಹಾಲು ದೊರಕಿಸುವ ವ್ಯವಸ್ಥೆ ಘಟಕದಲ್ಲಿದೆಯೇ ಎಂದು ಕೇಳುವುದೇ ಈ ದಾಖಲೆಗಳು ಕಲಿಸುವ ಕ್ರಮ.