ತಾಸಿಗೊಮ್ಮೆ ಬರೆದ ಲೆಕ್ಕ

ಹೃದಯದ ಆಪರೇಷನ್ ಆದ ಕೂಸಿನ ಕಿಡ್ನಿಗೆ ಪೆಟ್ಟು ಬೀಳುತ್ತದೆಯೇ ಎಂದು ಮೊದಲೇ ಹೇಳುವ ವಿದ್ಯೆಯ ಇತಿಹಾಸವನ್ನು ಎಲ್ಲರೂ ಪ್ರಯೋಗಾಲಯದಿಂದ ಶುರು ಮಾಡುತ್ತಾರೆ. ಬೈಲಹೊಂಗಲದಲ್ಲಿ ಹುಟ್ಟಿ, ಬೆಳಗಾವಿಯ ಐಸಿಯುಗಳಲ್ಲಿ ನರ್ಸ್ ಆಗಿ ದುಡಿದ ನಾನು ಮಂಚಕ್ಕೆ ತೂಗುಬಿಟ್ಟ ಮೂತ್ರದ ಚೀಲದಿಂದ ಶುರು ಮಾಡುತ್ತೇನೆ.

ನಮ್ಮ ಅಜ್ಜಿಯ ಕಾಲಕ್ಕೆ ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಅತ್ತರೆ ತುಟಿ ನೀಲಿಗಟ್ಟುವ ಕೂಸು ಹುಟ್ಟಿದರೆ ಯಲ್ಲಮ್ಮನಿಗೆ ಹರಕೆ. ಹೆಚ್ಚೆಂದರೆ ಮಿರಜಿನ ಮಿಷನ್ ದವಾಖಾನೆ. ಹುಬ್ಬಳ್ಳಿಗೆ 1957ರಲ್ಲಿ, ಬೆಳಗಾವಿಗೆ 1963ರಲ್ಲಿ ಮೆಡಿಕಲ್ ಕಾಲೇಜು ಬಂದವು. ಆದರೆ ಹೃದಯ ತೆರೆಯುವ ಮಾತು ರೈತರ ಮನೆಗೆ ಬಂದದ್ದು 2003ರಲ್ಲಿ ಸಹಕಾರಿ ಸೊಸೈಟಿ ಸದಸ್ಯರಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ಜಾರಿಯಾದ ಮೇಲೆಯೇ. ವರ್ಷಕ್ಕೆ 60 ರೂಪಾಯಿ ಕಟ್ಟಿದ ಸೊಸೈಟಿ ಸದಸ್ಯರು, ಕಿತ್ತೂರು ಕಡೆಯವರು ಕೂಡ, ಕೂಸನ್ನು ಎತ್ತಿಕೊಂಡು ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸವನ್ನು ಪಂಪ್ ಎಂಬ ಯಂತ್ರ ಮಾಡುತ್ತದೆ. ಜಾನ್ ಗಿಬ್ಬನ್ 1953ರಲ್ಲಿ ಅದನ್ನು ಮೊದಲು ಯಶಸ್ವಿಯಾಗಿ ಬಳಸಿದ. ಜೀವ ಉಳಿಸುವ ಆ ಯಂತ್ರವೇ ಕಿಡ್ನಿಗೆ ಕಷ್ಟ. ರಕ್ತಕಣಗಳು ಒಡೆಯುತ್ತವೆ, ಮೈಯೆಲ್ಲ ಉರಿಯೂತ ಏಳುತ್ತದೆ, ಪಂಪಿನಿಂದ ಬಿಡಿಸಿದ ಹೃದಯಕ್ಕೆ ಇನ್ನೂ ಶಕ್ತಿ ಕೂಡಿರುವುದಿಲ್ಲ. ಕೂಸು ಸಣ್ಣದಾದಷ್ಟೂ, ಪಂಪಿನ ಮೇಲೆ ಹೊತ್ತು ಹೆಚ್ಚಾದಷ್ಟೂ ಅಪಾಯ ಹೆಚ್ಚು.

ಪೆಟ್ಟನ್ನು ಅಳೆಯಲು ಡಾಕ್ಟರರ ಕೈಯಲ್ಲಿದ್ದದ್ದು ಕ್ರಿಯಾಟಿನಿನ್, ಕಿಡ್ನಿ ರಕ್ತದಿಂದ ಹೊರಹಾಕುವ ಕಸ. ಅದರ ಪರೀಕ್ಷೆಯ ಬೇರು ಮ್ಯಾಕ್ಸ್ ಜಾಫೆ 1886ರಲ್ಲಿ ಕಂಡ ಬಣ್ಣದ ರಾಸಾಯನಿಕ ಕ್ರಿಯೆಯಲ್ಲಿದೆ. ನನಗೆ ಅದರ ಮೇಲೆ ಪೂರ್ತಿ ಭರವಸೆ ಎಂದೂ ಹುಟ್ಟಲಿಲ್ಲ. ಪೆಟ್ಟು ಬಿದ್ದು ಒಂದೆರಡು ದಿನ ಕಳೆದ ಮೇಲೆ ಅದು ಏರುತ್ತದೆ. ಮೈಯಲ್ಲಿ ನೀರು ತುಂಬಿದ್ದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಕಾಣುತ್ತದೆ. ಹುಟ್ಟಿದ ಹೊಸತರಲ್ಲಿ ಕೂಸಿನ ರಕ್ತದಲ್ಲಿ ಇರುವುದು ಬಹುಪಾಲು ತಾಯಿಯ ಕ್ರಿಯಾಟಿನಿನ್!

ಆದ್ದರಿಂದಲೇ ಚೀಲ. ಕಿಲೋಗೆ ತಾಸಿಗೆ ಅರ್ಧ ಮಿಲಿಗಿಂತ ಕಡಿಮೆ ಮೂತ್ರ ಆರು ತಾಸು ಬಂದರೆ ಕಿಡ್ನಿಗೆ ಪೆಟ್ಟು ಎಂದು ಕಿಡ್ನಿ ರೋಗಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2012ರ ಮಾರ್ಗಸೂಚಿ ಹೇಳುತ್ತದೆ. ಎಂಟು ಕಿಲೋ ಕೂಸಿಗೆ ಅದು ತಾಸಿಗೆ 4 ಮಿಲಿ. ಚಹಾದ ಚಮಚವೂ ತುಂಬದು. ಅಷ್ಟನ್ನು ನೆಲಕ್ಕೆ ಬಗ್ಗಿ, ಗೆರೆಗೆ ಕಣ್ಣು ಸಮ ಮಾಡಿ ಓದಬೇಕು. ನಳಿಗೆ ಮಡಚಿದೆಯೇ ನೋಡಬೇಕು. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಟ್ಟ ಮೇಲೆ ಬಂದದ್ದೋ, ತಾನಾಗಿ ಬಂದದ್ದೋ ಬರೆಯಬೇಕು. ಹೊರಗೆ ಕೂತ ತಾಯಂದಿರು ಕೇಳುತ್ತಿದ್ದದ್ದೂ ಅದನ್ನೇ: "ಬಾಯಾರ, ಕೂಸು ಉಚ್ಚಿ ಮಾಡೇತೇನ್ರಿ?" ಹೃದಯದ ಬಡಿತ ಕೇಳಿದವರು ಕಡಿಮೆ.

2005ರಲ್ಲಿ ಸಿನ್ಸಿನಾಟಿಯ ಪ್ರಸಾದ್ ದೇವರಾಜನ್ ಮತ್ತು ಸಂಗಡಿಗರು ಹೃದಯದ ಆಪರೇಷನ್ ಆದ 71 ಮಕ್ಕಳ ಅಧ್ಯಯನ ಪ್ರಕಟಿಸಿದರು. ಎನ್‌ಗ್ಯಾಲ್ ಎಂಬ ಪ್ರೋಟೀನು ಎರಡೇ ತಾಸಿನಲ್ಲಿ ಮೂತ್ರದಲ್ಲಿ ಏರಿ ಮುನ್ಸೂಚನೆ ಕೊಟ್ಟಿತ್ತು. ಮುಂದೆ ಹಲವು ಆಸ್ಪತ್ರೆಗಳು ಕೂಡಿ ಮಾಡಿದ, 2011ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಆ ಸೂಚನೆ ಅಷ್ಟು ಚೊಕ್ಕವಾಗಿ ಸಿಗಲಿಲ್ಲ. ಹೊಸ ಪರೀಕ್ಷೆ ಬರಲಿ, ನನಗೆ ಸಂತೋಷವೇ. ಆದರೆ ರಾತ್ರಿ ಎರಡು ಗಂಟೆಗೆ ಬಗ್ಗಿ ನೋಡುವ ಕಣ್ಣಿಗೆ ಅದು ಬಿಡುವು ಕೊಡದು.

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು, ನಮ್ಮ ಈ ನಾಲ್ಕೂ ಊರಿನ ತಾಯಿ-ತಂದೆಗಳಲ್ಲಿ ನನ್ನದೊಂದು ಬೇಡಿಕೆ. ಕೂಸಿನ ಕಿಡ್ನಿಗೆ ಪೆಟ್ಟಾಗಿತ್ತು ಎಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿದ್ದರೆ ಮೂರು ತಿಂಗಳಿಗೆ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನು ಮೂರನ್ನೂ ಪರೀಕ್ಷೆ ಮಾಡಿಸಿರಿ. ಜ್ವರ, ನೋವು ಎಂದು ಡಾಕ್ಟರರನ್ನು ಕೇಳದೆ ಐಬುಪ್ರೊಫೇನ್ ಕೊಡಬೇಡಿರಿ.